ಗುಂಡ–ಕಿಡಿ ಸಮಾಚಾರ

ಹವಾಮಾನ ಠಾಣೆ
ಜನವರಿ 12

ಅತ್ತಿಗೆ,

ಬಂದು ಸೇರಿದೆ. ದ್ವೀಪದಲ್ಲಿ ನಾವು ಮೂರೇ ಜನ: ನಾನು, ಠಾಣೆಯ ಹಿರಿಯರು, ಒಬ್ಬ ಅಡುಗೆಯವನು. ಗಾಳಿ ಎಷ್ಟು, ಮಳೆ ಎಷ್ಟು, ಅಲೆ ಎಷ್ಟು ಎತ್ತರ ಅಂತ ನೋಡಿ ರೇಡಿಯೋದಲ್ಲಿ ಹೇಳುವುದು ನಮ್ಮ ಕೆಲಸ. ಫೋನ್ ಸಿಗುವುದಿಲ್ಲ. ಸಾಮಾನು ತರುವ ಲಾಂಚ್ ದೋಣಿ ತಿಂಗಳಿಗೊಮ್ಮೆ ಬರುತ್ತದೆ. ಕಾಗದ ಅದರಲ್ಲೇ ಬರಬೇಕು, ಅದರಲ್ಲೇ ಹೋಗಬೇಕು. ಅದಕ್ಕೇ ಹೊರಡುವ ಗಡಿಬಿಡಿಯಲ್ಲಿ ಹೇಳದೆ ಬಿಟ್ಟದ್ದನ್ನೆಲ್ಲ ಈಗಲೇ ಬರೆದುಬಿಡುತ್ತೇನೆ.

ನಿಮ್ಮ ಹತ್ತಿರ ಬಿಟ್ಟುಬಂದ ನನ್ನ ಹಾವುಗಳು ಎರಡೂ ಕಾರ್ನ್ ಸ್ನೇಕ್ ಜಾತಿಯವು. ಹೊಟ್ಟೆಯ ಮೇಲೆ ಮೆಕ್ಕೆಜೋಳದ ಕಾಳು ಜೋಡಿಸಿದ ಹಾಗೆ ಕಪ್ಪು ಬಿಳಿ ಚೌಕಗಳಿವೆ, ಅದಕ್ಕೆ ಆ ಹೆಸರು. ವಿಷ ಇಲ್ಲ. ಇದನ್ನು ನಿಮಗೆ ಹತ್ತು ಸಲ ಹೇಳಿದ್ದೇನೆ, ಅಣ್ಣನಿಗೆ ನೂರು ಸಲ. ಒಂದೇ ತಾಯಿ, ಒಂದೇ ಸಲದ ಮೊಟ್ಟೆ, ಹೊರಗೆ ಬಂದದ್ದೂ ಒಂದೇ ದಿನ. ಎರಡೂ ಗಂಡು ಅಂತ ಹೇಳಿಯೇ ಅಂಗಡಿಯವರು ಕೊಟ್ಟದ್ದು. ಆದರೆ ಮೂರು ವರ್ಷದಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಬೆಳೆದಿವೆ.

ಗುಂಡ ಬಂದ ದಿನವೇ ಇಲಿ ನುಂಗಿದವನು. ಇವತ್ತಿನವರೆಗೂ ಕೊಟ್ಟದ್ದನ್ನು ಬೇಡ ಅಂದವನಲ್ಲ. ಕೈಗೆ ಸುತ್ತಿಕೊಂಡರೆ ಸುತ್ತಿಕೊಂಡ ಹಾಗೇ ಇರುತ್ತಾನೆ. ನೀವು ಅವನನ್ನು ಹಿಡಿದುಕೊಂಡೇ ಟೀವಿ ನೋಡಬಹುದು. ಕಿಡಿ ಮೊದಲಿಂದಲೂ ತಕರಾರು. ಮೂರು ಸಲ ಕೊಟ್ಟರೆ ಒಂದು ಸಲ ತಿನ್ನುತ್ತಾನೆ. ಗುಂಡನ ಅರ್ಧ ಇದ್ದಾನೆ ಅಷ್ಟೇ. ಮುಚ್ಚಳ ತೆಗೆದರೆ ಕತ್ತು ಕೊಕ್ಕೆ ಮಾಡಿ, ಬಾಲದ ತುದಿ ಪಟಪಟ ಬಡಿದು, ಬಂದು ಕಚ್ಚುತ್ತಾನೆ.

ಇಲಿಗಳು ಫ್ರೀಜರ್‌ನಲ್ಲಿವೆ. ಬಿಸಿನೀರಲ್ಲಿಟ್ಟು ಮೆತ್ತಗಾದ ಮೇಲೆ ಇಕ್ಕಳದಲ್ಲಿ ಹಿಡಿದು ಮೂಗಿನ ಮುಂದೆ ಅಲ್ಲಾಡಿಸಿ. ಪೆಟ್ಟಿಗೆಗಳ ಕೆಳಗಿರುವ ಹೀಟರ್ ಆರಿಸಬೇಡಿ. ಎರಡನ್ನೂ ಒಂದೇ ಪೆಟ್ಟಿಗೆಗೆ ಹಾಕಬೇಡಿ. ಅಣ್ಣನಿಗೆ ಈ ಕಾಗದ ತೋರಿಸಬೇಕಾಗಿಲ್ಲ.

ನಿಮ್ಮ ಮೈದುನ


ಮನೆ
ಜನವರಿ 29

ನಿನ್ನ ಕಾಗದ ಬಂತು. ನಾಲ್ಕು ಪುಟ. ಮದುವೆಯಾದಾಗಿನಿಂದ ನಿಮ್ಮಣ್ಣ ನನ್ನ ಜೊತೆ ಆಡಿದ ಮಾತನ್ನೆಲ್ಲ ಒಟ್ಟು ಮಾಡಿದರೂ ನಾಲ್ಕು ಪುಟ ಆಗಲ್ಲ.

ಗುಂಡ ನೀನು ಹೇಳಿದ ಹಾಗೇ ಇದೆ. ಬೆಣ್ಣೆ. ನನಗೆ ಹೆದರಿಕೆ ಹೋಗೋಕೆ ಒಂದು ವಾರ ಸಾಕಾಯ್ತು. ಕಿಡಿ ಮಾತ್ರ ಸೋಮವಾರ ಹೆಬ್ಬೆರಳಿಗೆ ಬಾಯಿ ಹಾಕಿತು. ನೋವೇನಿಲ್ಲ, ಸೂಜಿ ಚುಚ್ಚಿದ ಹಾಗೆ. ದಿನವೂ ಕಟ್ಟಿಸೋ ಹಲ್ಲು ಮಾಡೋಳು ನಾನು, ಗಾಯಕ್ಕೆ ಔಷಧಿ ಹಚ್ಚೋ ಮೊದಲು ಭೂತಗನ್ನಡಿಯಲ್ಲಿ ನೋಡಿದೆ. ಹಲ್ಲೆಲ್ಲ ಒಳಮುಖ. ನಮ್ಮ ಲ್ಯಾಬಿನಲ್ಲಿ ಯಾರಾದರೂ ಇಂಥ ಸೆಟ್ಟು ಮಾಡಿ ಇಟ್ಟರೆ ವಾಪಸ್ ಕಳಿಸ್ತೀನಿ.

ನಿಮ್ಮಣ್ಣ ಮೊನ್ನೆ ಫ್ರೀಜರ್ ತೆಗೆದರು. "ಇದೇನು?" ಅಂದರು.

"ಊಟ" ಅಂದೆ.

"ಯಾರದು?"

"ನಿಮ್ಮ ತಮ್ಮನ ಮಕ್ಕಳದು."

ಅವತ್ತಿನಿಂದ ಐಸ್ ಕ್ರೀಂ ಬೇಡ ಅಂತಿದಾರೆ. ನಿನ್ನ ಕೋಣೆ ಬಾಗಿಲು ತೆಗೆದಿದ್ದರೆ ಗೋಡೆ ಕಡೆ ಸರಿದು ದಾಟುತ್ತಾರೆ. ಇಪ್ಪತ್ತು ಮಹಡಿ ಮೇಲೆ ಒಂದು ಕಬ್ಬಿಣದ ಹಗ್ಗದ ಭರವಸೆಯಲ್ಲಿ ನಿಂತು ಲಿಫ್ಟ್ ರಿಪೇರಿ ಮಾಡೋ ಮನುಷ್ಯ.

ಒಂದೇ ಹೊಟ್ಟೆಯಲ್ಲಿ ಹುಟ್ಟಿ ಒಂದು ಹೀಗೆ, ಒಂದು ಹಾಗೆ ಅಂತ ಆಶ್ಚರ್ಯಪಟ್ಟು ಬರೆದಿದ್ದೀಯ. ನನಗೇನೂ ಆಶ್ಚರ್ಯ ಇಲ್ಲ, ಈ ಮನೇಲಿ ಬಹಳ ವರ್ಷದಿಂದ ನೋಡ್ತಿದ್ದೀನಿ. ನಿಮ್ಮಣ್ಣ ನಿನ್ನ ವಿಷಯ ಏನಾದರೂ ಕೇಳಿದರಾ ಅಂತ ನೀನು ಕೇಳಿಲ್ಲ. ಆದರೂ ಹೇಳ್ತೀನಿ: ಕೇಳಲಿಲ್ಲ.

ನಮ್ಮ ಕಟ್ಟಡದ ಲಿಫ್ಟ್ ಕೆಟ್ಟಿದೆ, ಲಿಫ್ಟಿನವರ ಮನೆಯಾದ್ದರಿಂದ ಯಾರಿಗೂ ಹೇಳೋ ಹಾಗಿಲ್ಲ. ನಾಲ್ಕು ಮಹಡಿ ಹತ್ತೋ ಹೊತ್ತಿಗೆ ಏದುಸಿರು ಬರುತ್ತೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಇರುತ್ತೆ. ಲ್ಯಾಬಿನ ಪ್ಲಾಸ್ಟರ್ ಧೂಳಿಗೆ ಇರಬೇಕು.

ಅತ್ತಿಗೆ


ಹವಾಮಾನ ಠಾಣೆ
ಫೆಬ್ರವರಿ 12

ಅತ್ತಿಗೆ,

ಲಾಂಚ್ ಸಾಮಾನು ಇಳಿಸಿ ಹೊರಡುವಷ್ಟರಲ್ಲಿ ಬರೆಯಬೇಕು, ಇಲ್ಲದಿದ್ದರೆ ಮುಂದಿನ ತಿಂಗಳೇ.

ಕಿಡಿ ಕಚ್ಚುವುದು ಸಿಟ್ಟಿಗಲ್ಲ, ಹೆದರಿಕೆಗೆ. ಸಣ್ಣದಾಗಿ ಹುಟ್ಟಿದ ಹಾವಿಗೆ ಜಗತ್ತಿನಲ್ಲಿ ಎಲ್ಲವೂ ತನ್ನನ್ನು ತಿನ್ನಲು ಬರುತ್ತಿರುವ ಹಾಗೆ ಕಾಣುತ್ತದೆ. ನೀವು ಹಿಂದೆ ಸರಿದರೆ, ಕಚ್ಚಿದರೆ ಕೆಲಸ ಆಗುತ್ತದೆ ಅಂತ ಕಲಿಯುತ್ತಾನೆ. ಕೈ ಎಳೆದುಕೊಳ್ಳಬೇಡಿ. ಸುಮ್ಮನಿರಿ, ತಾನೇ ಬಿಡುತ್ತಾನೆ. ತಿನ್ನದಿದ್ದರೆ ಬಿಡದೆ ಇಕ್ಕಳ ಅಲ್ಲಾಡಿಸುತ್ತಲೇ ಇರಿ. ಅವನು ಬೆಳೆಯಲೇಬೇಕು, ಅದೊಂದು ನನಗೆ ಹಟ.

ಅಣ್ಣ ಕೇಳದಿದ್ದರೆ ಬೇಡ. ನಾನು ಅವನ ಕೈಕೆಳಗೆ ಕೆಲಸಕ್ಕಿದ್ದಾಗ, ಅವತ್ತು ಲಿಫ್ಟ್ ಇಳಿಯುವ ಗುಂಡಿಯ ಹತ್ತಿರ, ಇಡೀ ತಂಡದ ಎದುರಿಗೆ, "ಇವನು ಹಿಡಿದ ಕೆಲಸ ಒಂದೂ ಮುಗಿಸಿದವನಲ್ಲ" ಅಂದ. ಅವರೆಲ್ಲ ನಕ್ಕರು. ಅಣ್ಣ ನಗಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. ಇಲ್ಲಿ ಒಂದು ವರ್ಷದ ಕರಾರು, ಅದನ್ನು ಮುಗಿಸಿಯೇ ಬರುತ್ತೇನೆ ಅಂತ ಹೇಳಿ. ಅಥವಾ ಏನೂ ಹೇಳಬೇಡಿ.

ಕಿಡಿಯ ತೂಕ ಬರೆದು ಕಳಿಸಿ. ಹಡಗುಕಟ್ಟೆಯಿಂದ ಕೂಗುತ್ತಿದ್ದಾರೆ.

ನಿಮ್ಮ ಮೈದುನ


ಮನೆ
ಮಾರ್ಚ್ 2

ಕಿಡಿ ಹಾಗೇ ಇದೆ. ನೀನು ಹೇಳಿದ ಹಾಗೆ ಇಕ್ಕಳ ಅಲ್ಲಾಡಿಸಿ ಅಲ್ಲಾಡಿಸಿ ನನ್ನ ಭುಜ ಹಿಡಿದುಕೊಂಡಿತು. ಅದು ಇಲಿ ಬಿಟ್ಟು ಇಕ್ಕಳ ಕಚ್ಚಿತು.

ನಾನು ಬರೀತಿರೋದು ಗುಂಡನ ವಿಷಯಕ್ಕೆ. ಮೂರು ಸಲ ಕೊಟ್ಟೆ, ಮೂರು ಸಲವೂ ಮುಖ ತಿರುಗಿಸಿತು. ಯಾವತ್ತೂ ಹೀಗೆ ಮಾಡಿಲ್ಲ ಅಂತ ನೀನೇ ಬರೆದಿದ್ದೀಯ. ಪೊರೆ ಬಿಟ್ಟಿತು, ಆಮೇಲೆ ಸರಿಹೋಗಬಹುದು ಅಂದುಕೊಂಡೆ. ಇಲ್ಲ. ಬಾಲದ ಕಡೆಯ ಅರ್ಧ ದಪ್ಪ ಕಾಣುತ್ತೆ. ತಿನ್ನದೆ ದಪ್ಪ ಆಗೋದು ಹೇಗೆ? ಪೆಟ್ಟಿಗೆಯ ಮೂಲೆ ಮೂಲೆ ತಳ್ಳಿಕೊಂಡು ಓಡಾಡುತ್ತೆ. ಕೈಗೆ ತಗೊಂಡರೆ ಮೊದಲಿನ ಹಾಗೇ ಸುಮ್ಮನಿರುತ್ತೆ, ಒಂದು ಚೂರೂ ರಗಳೆ ಇಲ್ಲ. ಅದಕ್ಕೇ ನನಗೆ ಸಮಾಧಾನ ಇಲ್ಲ. ಅಳೋ ಮಗುವಿಗೆ ಹಾಲು ಸಿಗುತ್ತೆ, ಸುಮ್ಮನಿರೋದನ್ನ ಯಾರು ನೋಡ್ತಾರೆ?

ಏನು ಮಾಡಲಿ, ಬರೆ. ನಾನು ಈ ತಿಂಗಳು ಸ್ವಲ್ಪ ಓಡಾಟದಲ್ಲಿದ್ದೀನಿ.

ಅತ್ತಿಗೆ


ಹವಾಮಾನ ಠಾಣೆ
ಮಾರ್ಚ್ 12

ಅತ್ತಿಗೆ,

ಸುಮ್ಮನೆ ಗಾಬರಿಯಾಗಿದ್ದೀರಿ. ಗಂಡು ಹಾವುಗಳು ಈ ಕಾಲದಲ್ಲಿ ಊಟ ಬಿಟ್ಟು ಹೆಣ್ಣನ್ನು ಹುಡುಕುತ್ತಾ ಓಡಾಡುತ್ತವೆ. ದಪ್ಪ ಕಾಣುವುದು ನೀವು ಈ ಮೊದಲು ಚೆನ್ನಾಗಿ ತಿನ್ನಿಸಿದ್ದಕ್ಕೆ. ಬಿಡಿ, ತಾನಾಗಿ ಸರಿಹೋಗುತ್ತದೆ. ಗುಂಡನಿಗೆ ಏನೂ ಆಗುವುದಿಲ್ಲ, ಅವನು ಅಂಥವನಲ್ಲ. ನಿಮ್ಮ ಗಮನ ಕಿಡಿಯ ಮೇಲಿರಲಿ.

ಮೊನ್ನೆಯ ಗಾಳಿಗೆ ನಮ್ಮ ಗಾಳಿ ಅಳೆಯುವ ಕಂಬವೇ ಬಾಗಿದೆ. ಅದನ್ನು ನೇರ ಮಾಡುವುದರಲ್ಲಿ ಕೈಗೆ ಬೊಬ್ಬೆ ಬಂದಿದೆ, ಹೆಚ್ಚು ಬರೆಯಲಾಗುತ್ತಿಲ್ಲ.

ನಿಮ್ಮ ಮೈದುನ


ಮನೆ
ಮೇ 3

ಏಪ್ರಿಲ್ ಲಾಂಚಿಗೆ ಕಾಗದ ಹಾಕೋಕೆ ಆಗಲಿಲ್ಲ. ಕೆಲಸ ಇತ್ತು.

ಹಾವುಗಳು ಚೆನ್ನಾಗಿವೆ. ಗುಂಡ ಈಗ ತಿಂತಿದೆ, ಆದರೆ ಬಹಳ ಸಣ್ಣ ಆಗಿದೆ. ಕೈ ಹತ್ತಿರ ತಂದರೆ ಬುಸ್ ಅನ್ನುತ್ತಂತೆ. ಕಿಡಿ ಒಂದೂ ಬಿಡದೆ ತಿನ್ನುತ್ತೆ, ದಪ್ಪ ಆಗಿದೆ, ಈಗ ಕಚ್ಚಲ್ಲ. ತೊಡೆ ಮೇಲೆ ಮಲಗುತ್ತೆ. ತೂಕ ನೋಡಿದರೆ ಎರಡೂ ಸರಿಸಮ. ಇನ್ನೇನು ಬರೀಲಿ. ಬಿಸಿಲು ಜಾಸ್ತಿ.

ಅತ್ತಿಗೆ


ಹವಾಮಾನ ಠಾಣೆ
ಮೇ 12

ಅತ್ತಿಗೆ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಇಡೀ ಕಾಗದ ಆರೇಳು ಸಾಲು.

ಮೂರು ವರ್ಷ ನಾನು ಸಾಕಿದ ಹಾವುಗಳು. ಮೂರು ವರ್ಷ ಕಚ್ಚಿದ್ದು ಎರಡು ತಿಂಗಳಲ್ಲಿ ತೊಡೆಯ ಮೇಲೆ ಮಲಗುವುದಿಲ್ಲ. ಯಾವತ್ತೂ ಉಸಿರೆತ್ತದ್ದು ಇದ್ದಕ್ಕಿದ್ದ ಹಾಗೆ ಬುಸುಗುಡುವುದಿಲ್ಲ. ಸಣ್ಣದು ದೊಡ್ಡದಾಯಿತು, ದೊಡ್ಡದು ಸಣ್ಣದಾಯಿತು ಅಂತ ಬರೆದಿದ್ದೀರಿ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನುತ್ತಾರೆ, ನಿಮ್ಮ ಮನೆಯಲ್ಲಿ ಮಾತ್ರ ಒಂದು ಬೇಸಿಗೆಗೆ ಹೋಗಿಬಿಟ್ಟಿತೇ?

ಇವು ನನ್ನ ಹಾವುಗಳಲ್ಲ. ನನ್ನವು ಸತ್ತಿವೆ, ಇಲ್ಲವೆ ಅಣ್ಣ ಹೊರಗೆ ಹಾಕಿಸಿದ್ದಾನೆ. ನನಗೆ ಬೇಜಾರಾಗಬಾರದು ಅಂತ ನೀವು ಅಂಗಡಿಯಿಂದ ಬೇರೆ ಎರಡು ತಂದಿಟ್ಟಿದ್ದೀರಿ. "ಬುಸ್ ಅನ್ನುತ್ತಂತೆ" ಅಂತ ಬರೆದಿದ್ದೀರಿ. ನೀವೇ ಸಾಕುತ್ತಿದ್ದರೆ "ಅಂತೆ" ಎಲ್ಲಿಂದ ಬಂತು? ಸತ್ತಿದ್ದರೆ ಸತ್ತಿವೆ ಅಂತ ಬರೆಯಿರಿ. ಅಣ್ಣನಿಂದ ನಾನು ಒಳ್ಳೆಯದನ್ನು ನಿರೀಕ್ಷಿಸಿರಲಿಲ್ಲ. ನೀವು ಸುಳ್ಳು ಹೇಳುತ್ತೀರಿ ಅಂತ ಗೊತ್ತಿರಲಿಲ್ಲ.

ನಿಮ್ಮ ಮೈದುನ


ಹವಾಮಾನ ಠಾಣೆ
ಜೂನ್ 12

ಅತ್ತಿಗೆ,

ಲಾಂಚ್ ಬಂತು. ಅಕ್ಕಿ, ಈರುಳ್ಳಿ, ಬ್ಯಾಟರಿ, ಹಳೆಯ ಪತ್ರಿಕೆಗಳು ಬಂದವು. ನಿಮ್ಮ ಕಾಗದ ಬರಲಿಲ್ಲ. ಅದನ್ನೇ ಉತ್ತರ ಅಂದುಕೊಂಡಿದ್ದೇನೆ.

ಇಲ್ಲಿ ಇನ್ನೂ ಎರಡು ವರ್ಷ ಇರುತ್ತೀಯಾ ಅಂತ ಕಚೇರಿಯವರು ಕೇಳಿದ್ದರು. ಒಪ್ಪಿ ಸಹಿ ಹಾಕಿ ಈ ಲಾಂಚಿನಲ್ಲೇ ಕಳಿಸುತ್ತಿದ್ದೇನೆ. ನನ್ನ ಕೋಣೆ ಖಾಲಿ ಮಾಡಿಕೊಳ್ಳಬಹುದು.


ಮನೆ
ಜುಲೈ 2

ತಮ್ಮನಿಗೆ,

ನನಗೆ ಕಾಗದ ಬರೆದು ಅಭ್ಯಾಸ ಇಲ್ಲ. ನಡೆದದ್ದು ನಡೆದ ಹಾಗೆ ಬರೀತೀನಿ.

ಹಾವು ಸತ್ತಿಲ್ಲ. ಬದಲಾಯಿಸಿಲ್ಲ. ಎರಡೂ ನಿನ್ನವೇ.

ನಿನ್ನ ಅತ್ತಿಗೆಗೆ ಕುತ್ತಿಗೆಯಲ್ಲಿ ಗಂಟು ಇತ್ತು. ಥೈರಾಯ್ಡ್ ಅಂದರು. ಕೆಟ್ಟ ಗಂಟು ಅಂತ ಮಾರ್ಚ್‌ನಲ್ಲಿ ಗೊತ್ತಾಯಿತು. ಆ ತಿಂಗಳ ಕೊನೆಗೆ ಕೊಯ್ದರು. ಗಾಯ ಕೀವಾಗಿ ಏಪ್ರಿಲ್‌ನಲ್ಲಿ ಇನ್ನೊಂದು ಸಲ ಕೊಯ್ದರು. ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ. ನಿನಗೆ ತಿಳಿಸಬೇಡಿ ಅಂದಳು. "ಸಮುದ್ರದ ನಡುವೆ ಕೂತು ಅವನೇನು ಮಾಡೋಕಾಗುತ್ತೆ, ಸುಮ್ಮನೆ ಕೊರಗ್ತಾನೆ" ಅಂದಳು. ಮೇ ತಿಂಗಳ ಕಾಗದ ಆಸ್ಪತ್ರೆ ಮಂಚದಲ್ಲಿ ಕೂತು ಬರೆದದ್ದು. ಹಾವಿನ ಸಮಾಚಾರ ನಾನು ಹೇಳಿದ್ದು. ಅದಕ್ಕೇ "ಅಂತೆ".

ಅವಳು ಆಸ್ಪತ್ರೆ ಸೇರಿದ ಮೇಲೆ ಹಾವು ನೋಡಿಕೊಳ್ಳೋಕೆ ನಾನೊಬ್ಬನೇ ಉಳಿದದ್ದು. ನನಗೆ ಹೆದರಿಕೆ. ಇದನ್ನು ನಿನಗೆ ಮುಚ್ಚಿಟ್ಟು ಪ್ರಯೋಜನ ಇಲ್ಲ. ಇಕ್ಕಳ ಹಿಡಿದು ಎದುರು ನಿಲ್ಲೋದು ನನ್ನಿಂದ ಆಗಲಿಲ್ಲ. ಕಿಡಿಯ ಪೆಟ್ಟಿಗೆಗೆ ಇಲಿ ಹಾಕಿ, ಮುಚ್ಚಳ ಮುಚ್ಚಿ, ಮೇಲೊಂದು ಟವೆಲ್ ಹೊದಿಸಿ ಹೊರಗೆ ಬಂದುಬಿಟ್ಟೆ. ಬೆಳಿಗ್ಗೆ ನೋಡಿದರೆ ಇಲಿ ಇರಲಿಲ್ಲ. ಮುಂದಿನ ಸಲವೂ ಹಾಗೇ. ಯಾರೂ ನೋಡದಿದ್ದರೆ ಅದು ತಿನ್ನುತ್ತೆ. ಅಷ್ಟೇ ಅದರ ಗುಟ್ಟು.

ಪೆಟ್ಟಿಗೆ ತೊಳೆಯುವಾಗ ಅದನ್ನು ಎಲ್ಲಾದರೂ ಇಡಬೇಕಲ್ಲ. ನನ್ನ ಕೆಲಸದ ಜಾಕೆಟ್ ತೋಳು ಒಡ್ಡಿದೆ, ಒಳಗೆ ಹೋಯಿತು. ಹೊರಗೆ ತೆಗೆಯೋದು ಹೇಗೆ ಅಂತ ಗೊತ್ತಾಗದೆ ಜಾಕೆಟ್ ತೊಡೆ ಮೇಲೆ ಇಟ್ಟುಕೊಂಡು ಒಂದು ಗಂಟೆ ಕೂತೆ. ತಾನೇ ತಲೆ ಹೊರಗೆ ಹಾಕಿತು. ಒಂದು ಸಲ ಕಚ್ಚಿತು. ಹೆದರಿ ಕೈ ಮರಗಟ್ಟಿತ್ತು, ಎಳೆದುಕೊಳ್ಳೋಕೂ ಆಗಲಿಲ್ಲ. ಬಿಟ್ಟಿತು. ಆಮೇಲೆ ಕಚ್ಚಿಲ್ಲ.

ಈಗ ಗುಂಡ. ಅವಳು ಆಸ್ಪತ್ರೆಗೆ ಸೇರಿದ ವಾರ ನಿನ್ನ ಮಾರ್ಚ್ ಕಾಗದ ಬಂತು. ಬಿಡಿ ಅಂತ ಬರೆದಿದ್ದೆ. ಬಿಟ್ಟೆ. ಒಂದು ದಿನ ಪೆಟ್ಟಿಗೆಯಲ್ಲಿ ಮೊಟ್ಟೆ ಕಂಡವು, ಹಳದಿ, ಸುಕ್ಕು. ಹೊಟ್ಟೆಯ ಕೆಳಭಾಗದಲ್ಲಿ ಇನ್ನೂ ಗಡ್ಡೆ ಉಳಿದಿತ್ತು. ಹಾವು ಉದ್ದಕ್ಕೆ ಚಾಚಿಕೊಂಡು ಬಿದ್ದಿತ್ತು. ಸಲಕರಣೆ ಚೀಲ ಖಾಲಿ ಮಾಡಿ, ಅದರಲ್ಲಿ ಹಾಕಿಕೊಂಡು ಪ್ರಾಣಿಗಳ ಡಾಕ್ಟರ ಹತ್ತಿರ ಹೋದೆ. "ಇದು ಗಂಡಲ್ಲ" ಅಂದರು.

"ಗಂಡು ಅಂತ ನನ್ನ ತಮ್ಮ ಬರೆದಿದಾನೆ" ಅಂದೆ.

"ತಮ್ಮ ಬರೆದರೆ ಹಾವು ಕೇಳಬೇಕಲ್ಲ" ಅಂದರು.

ಗಂಡಿನ ಜೊತೆ ಸೇರದಿದ್ದರೂ ಕೆಲವು ಮೊಟ್ಟೆ ಇಡುತ್ತವಂತೆ, ಮರಿಯಾಗಲ್ಲ. ಎರಡು ಮೊಟ್ಟೆ ಸಿಕ್ಕಿಕೊಂಡಿದ್ದವು. ತೆಗೆದರು. ಇನ್ನೆರಡು ದಿನ ಬಿಟ್ಟಿದ್ದರೆ ಸಾಯುತ್ತಿತ್ತು ಅಂದರು. ಅಲ್ಲಿ ಐದು ದಿನ ಇಟ್ಟುಕೊಂಡರು. ನಾನು ಬೆಳಿಗ್ಗೆ ಒಂದು ಆಸ್ಪತ್ರೆ, ಸಂಜೆ ಇನ್ನೊಂದು ಆಸ್ಪತ್ರೆ. ಇದನ್ನು ನಿನ್ನ ಅತ್ತಿಗೆಗೆ ಆಗ ಹೇಳಲಿಲ್ಲ. ಅವಳು ಆ ಹಾವನ್ನು ಹಚ್ಚಿಕೊಂಡಿದ್ದಳು. ಸಣ್ಣ ಆಗಿದೆ, ಬುಸ್ ಅನ್ನುತ್ತೆ ಅಂತ ಮಾತ್ರ ಹೇಳಿದೆ. ನೋವು ತಿಂದದ್ದು, ಬುಸ್ ಅನ್ನದೆ ಏನು ಮಾಡುತ್ತೆ.

ನಿನ್ನ ಮೇ ತಿಂಗಳ ಕಾಗದ ನಾನು ಒಡೆದು ಓದಿದೆ. ಜೂನ್ ತಿಂಗಳದ್ದೂ ಓದಿದೆ. ಎರಡನ್ನೂ ಅವಳಿಗೆ ಕೊಟ್ಟಿಲ್ಲ. ಕಾಗದ ಬಂತಾ ಅಂತ ಕೇಳುತ್ತಾಳೆ, ಸ್ಲೇಟಿನಲ್ಲಿ ಬರೆದು ಕೇಳುತ್ತಾಳೆ, ಯಾಕೆಂದರೆ ಧ್ವನಿ ಬಂದಿಲ್ಲ. ಕೊಯ್ಯುವಾಗ ಧ್ವನಿಯ ನರಕ್ಕೆ ತಾಗಿದೆ. ಬರಬಹುದು, ಬರದೆ ಇರಬಹುದು ಅಂತಾರೆ. ಲಾಂಚ್ ತಡ ಅಂತ ಹೇಳುತ್ತಾ ಬಂದಿದ್ದೀನಿ. ಕೊಡಬೇಕೋ ಬೇಡವೋ ನೀನು ಹೇಳು.

ಅವತ್ತು ಲಿಫ್ಟ್ ಗುಂಡಿ ಹತ್ತಿರ ಹೇಳಿದ ಮಾತು ನಾನು ವಾಪಸ್ ತಗೊಳ್ಳಲ್ಲ. ನೀನು ಮುಗಿಸದೆ ಬಿಟ್ಟ ಕೆಲಸ ನಾನು ಮುಗಿಸಿದ್ದೀನಿ, ನನಗೆ ಗೊತ್ತು. ಆದರೆ ಅಷ್ಟು ಜನರ ಎದುರಿಗೆ ಹೇಳಬಾರದಿತ್ತು.

ಕೋಣೆ ಖಾಲಿ ಮಾಡಿಲ್ಲ.

ಅಣ್ಣ


ಹವಾಮಾನ ಠಾಣೆ
ಜುಲೈ 12

ಅಣ್ಣ,

ಲಾಂಚಿನವರನ್ನು ಕಾಡಿಬೇಡಿ ನಿಲ್ಲಿಸಿಕೊಂಡು ಬರೆಯುತ್ತಿದ್ದೇನೆ.

ಎರಡು ಕಾಗದವನ್ನೂ ಅತ್ತಿಗೆಗೆ ಕೊಡು. ಹರಿದು ಹಾಕು ಅಂತ ಬರೆಯಬೇಕು ಅನ್ನಿಸಿತು, ಬರೆದೂ ಇದ್ದೆ, ಆ ಹಾಳೆ ಬಿಸಾಕಿದೆ. ಅವರು ಓದಲಿ.

ಸಹಿ ಹಾಕಿದ್ದನ್ನು ವಾಪಸ್ ತೆಗೆದುಕೊಳ್ಳಬಹುದೇ ಅಂತ ಹಿರಿಯರಿಂದ ರೇಡಿಯೋದಲ್ಲಿ ಕೇಳಿಸಿದೆ. ಬದಲಿಗೆ ಬರುವವರು ಯಾರೂ ಇಲ್ಲ, ಆಗುವುದಿಲ್ಲ ಅಂದರು. ರಜೆಯೂ ಮುಂದಿನ ವರ್ಷವೇ. ಹಾಗಾಗಿ ಬರಲಾಗುವುದಿಲ್ಲ.

ಅತ್ತಿಗೆಗೆ ಊಟ ನುಂಗಲು ಆಗುತ್ತದೆಯೇ? ನೋವಿದೆಯೇ? ಯಾವ ಡಾಕ್ಟರು, ಮುಂದೆ ಏನು ಮಾಡುತ್ತಾರಂತೆ? ಲ್ಯಾಬಿನ ಕೆಲಸ ಏನಾಯಿತು? ಅಡುಗೆ ಯಾರು ಮಾಡುತ್ತಾರೆ, ನೀನಾ? ಜನವರಿಯಲ್ಲೇ ಗಂಟಲ ವಿಷಯ ಬರೆದಿದ್ದರು. ಇವತ್ತು ಆ ಕಾಗದ ಮತ್ತೆ ತೆಗೆದು ಓದಿದೆ.

ಕಿಡಿಯನ್ನು ನೀನೇ ಇಟ್ಟುಕೋ. ನನ್ನ ಹತ್ತಿರ ಇದ್ದಾಗ ನಾನು ಮೂಗಿನ ಮುಂದೆ ನಿಂತೇ ಇರುತ್ತಿದ್ದೆ.

ಸೆಪ್ಟೆಂಬರ್ ಲಾಂಚ್ ಇಲ್ಲಿ ಎರಡು ದಿನ ನಿಲ್ಲುತ್ತದೆ, ಸಿಬ್ಬಂದಿಯ ಮನೆಯವರು ಅದರಲ್ಲಿ ಬಂದು ಅಷ್ಟು ದಿನ ಇರಬಹುದು ಅಂತ ನಿಯಮ ಇದೆಯಂತೆ. ಇಲ್ಲಿಯವರೆಗೆ ಯಾರೂ ಬಂದಿಲ್ಲವಂತೆ. ಬನ್ನಿ ಅಂತ ಹೇಗೆ ಕರೆಯಲಿ, ಆದರೂ ತಿಳಿಸಿದ್ದೇನೆ.

ತಮ್ಮ


ಮನೆ
ಆಗಸ್ಟ್ 4

ಕಾಗದ ಎರಡೂ ಓದಿದೆ. ಸರಿಯಾಗಿ ಬೈಯಬೇಕು ಅನ್ನಿಸಿತು, ಆದರೆ ಬೈಯೋಕೆ ಗಂಟಲಿಲ್ಲ, ಸ್ಲೇಟಿನಲ್ಲಿ ಬರೆದು ಬೈದರೆ ಖಾರ ಇರಲ್ಲ. ಸುಳ್ಳು ಹೇಳಿದೆ ಅಂದಿದ್ದೀಯ. ಹಾವಿನ ವಿಷಯದಲ್ಲಿ ಹೇಳಿಲ್ಲ. ಕೆಲಸ ಇತ್ತು ಅಂತ ಬರೆದದ್ದು ಸುಳ್ಳು, ಅದಕ್ಕೆ ಲೆಕ್ಕ ಸರಿಹೋಯ್ತು.

ನೀನು ಕೇಳಿದ್ದಕ್ಕೆ ಉತ್ತರ. ಮೆತ್ತಗಿನ ಅನ್ನ ನುಂಗ್ತೀನಿ. ನೋವಿಲ್ಲ, ಕುತ್ತಿಗೆ ತಿರುಗಿಸುವಾಗ ಎಳೆಯುತ್ತೆ. ಇನ್ನು ಮಾತ್ರೆ ಸಾಯೋವರೆಗೂ, ಆರು ತಿಂಗಳಿಗೊಮ್ಮೆ ಪರೀಕ್ಷೆ. ಗಂಟು ಬೇರೆ ಕಡೆ ಹರಡಿಲ್ಲ ಅಂದರು. ಲ್ಯಾಬಿಗೆ ಅರ್ಧ ದಿನ ಹೋಗ್ತೀನಿ, ಹಲ್ಲು ಮಾಡೋಕೆ ಮಾತು ಬೇಕಿಲ್ಲ. ಅಡುಗೆ ನಿಮ್ಮಣ್ಣನದು. ಉಪ್ಪು ಹೆಚ್ಚಾಗಿದೆ ಅಂತ ಹೇಳೋಕೆ ನನಗೆ ಧ್ವನಿ ಇಲ್ಲ ಅನ್ನೋ ಧೈರ್ಯದಲ್ಲಿ ಮಾಡ್ತಾರೆ.

ಒಂದು ವಿಚಿತ್ರ. ನಾನು ಮಾತು ನಿಲ್ಲಿಸಿದ ಮೇಲೆ ಇವರು ಶುರು ಮಾಡಿದಾರೆ. ಮನೆ ಬಹಳ ನಿಶ್ಶಬ್ದ ಆಯ್ತಂತೆ. ಬಂದ ಕೂಡಲೇ ಯಾವ ಕಟ್ಟಡ, ಯಾವ ಲಿಫ್ಟು, ಯಾರು ಒಳಗೆ ಸಿಕ್ಕಿಕೊಂಡು ಅತ್ತರು, ಎಲ್ಲ ಹೇಳ್ತಾರೆ. ಕಿಡಿ ಕೊರಳಲ್ಲಿರುತ್ತೆ, ಅದಕ್ಕೂ ಹೇಳ್ತಾರೆ. ಗುಂಡನ ಕಡೆ ನಾನು ಕೂತಿರ್ತೀನಿ. ಹೆಸರು ಬದಲಾಯಿಸಬೇಕಾ ಅಂತ ಕೇಳಿದರು. ಬೇಡ ಅಂತ ಬರೆದೆ. ಅದು ಈಗಲೂ ಒಮ್ಮೊಮ್ಮೆ ಬುಸ್ ಅನ್ನುತ್ತೆ. ಅನ್ನಲಿ, ಒಳಗೆ ಏನಾಗಿದೆ ಅಂತ ಈಗ ನನಗೆ ಬೇಗ ಗೊತ್ತಾಗುತ್ತೆ.

ಎರಡು ವರ್ಷದ ಸಹಿ ವಾಪಸ್ ಆಗಲ್ಲ ಅಂತ ಇವರು ನಿನ್ನ ಕಾಗದದಲ್ಲಿ ಓದಿದರು. ಮರುದಿನ ರಜೆಗೆ ಅರ್ಜಿ ಕೊಟ್ಟು ಬಂದರು. ಹಾವುಗಳನ್ನು ಆ ವಾರ ಪ್ರಾಣಿಗಳ ಡಾಕ್ಟರೇ ನೋಡಿಕೊಳ್ತಾರೆ, ಒಪ್ಪಿದಾರೆ. ಸಮುದ್ರ ನೋಡಿದವರಲ್ಲ ನಿಮ್ಮಣ್ಣ. "ಲಾಂಚ್ ಅಂದರೆ ಅಡ್ಡಕ್ಕೆ ಹೋಗೋ ಲಿಫ್ಟ್, ಅಷ್ಟೇ" ಅಂತ ತಮಗೆ ತಾವೇ ಹೇಳಿಕೊಳ್ತಿದಾರೆ.

ಸೆಪ್ಟೆಂಬರ್ ಹನ್ನೆರಡಕ್ಕೆ ಬರ್ತೀವಿ. ನಾನು ಬಹಳ ಇಳಿದಿದ್ದೀನಿ, ಕುತ್ತಿಗೆಗೆ ಬಟ್ಟೆ ಸುತ್ತಿರ್ತೀನಿ, ದೂರದಿಂದ ಗುರುತು ಹತ್ತಲಿಕ್ಕಿಲ್ಲ. ಕಟ್ಟೆ ಹತ್ತಿರ ಬಂದಾಗ ಕೂಗಿ ಕರೆಯೋಕೆ ನನ್ನಿಂದ ಆಗಲ್ಲ. ನೀನೇ ಕಣ್ಣಿಟ್ಟು ನೋಡು.

ಅತ್ತಿಗೆ